ಶಾಲಾ ವಿಜ್ಞಾನದಲ್ಲಿ ಸರಳರೇಖಾ ನಕ್ಷೆಗಳು: ಅಭ್ಯರ್ಥಿಗಳು ಹಾಗೂ ಪೋಷಕರಿಗಾಗಿ ಮಾಹಿತಿ

ಪೀಣ್ಯ, ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ ಸಿಟಿ ಸುತ್ತಮುತ್ತಲಿನ ಕಾರ್ಖಾನೆ ಮತ್ತು ಸಂಸ್ಥೆಗಳಲ್ಲಿ ದುಡಿಯುತ್ತಾ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಖಾಸಗಿ ಅಭ್ಯರ್ಥಿಗಳಾಗಿ ನೋಂದಾಯಿಸಿಕೊಳ್ಳುವವರು, ಐ.ಟಿ.ಐ. ಪ್ರವೇಶಕ್ಕೆ ಅರ್ಜಿ ಸಲ್ಲಿಸುವವರು ಹಾಗೂ ಶಾಲಾ ಮಕ್ಕಳ ಪೋಷಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಶಾಲೆ ಬಿಟ್ಟು ಹಲವು ವರ್ಷಗಳಾದ ನಂತರ ಮತ್ತೆ ಪುಸ್ತಕ ಹಿಡಿಯುವವರಿಗೆ ಸೂತ್ರಗಳಿಗಿಂತಲೂ ನಕ್ಷೆಯೇ ಹೆಚ್ಚು ತೊಡಕಾಗುತ್ತದೆ. ನಕ್ಷೆ ಎಳೆಯಲು ಬರುವುದಿಲ್ಲ ಎಂಬುದು ಇದರ ಮುಖ್ಯ ಕಾರಣವಲ್ಲ. ಎಳೆದ ರೇಖೆ ಏನನ್ನು ಹೇಳುತ್ತಿದೆ ಎಂಬುದು ತಿಳಿಯದಿರುವುದೇ ಕಾರಣ. ನಿತ್ಯ ಪ್ರಯಾಣ, ವಿದ್ಯುತ್ ಬಿಲ್ಲು ಮತ್ತು ಕಾರ್ಖಾನೆಯ ಲೆಕ್ಕಗಳಲ್ಲಿ ಇದೇ ರೇಖೆಗಳು ಅಡಗಿರುವುದರಿಂದ ವಿವರಣೆಯನ್ನು ಅಲ್ಲಿಂದಲೇ ಆರಂಭಿಸಲಾಗಿದೆ.

1. ಸರಳರೇಖೆ ಮತ್ತು ನೇರ ಅನುಪಾತ ಒಂದೇ ಅಲ್ಲ

ಒಂದು ಪರಿಮಾಣವು ಸಮನಾದ ಹಂತಗಳಲ್ಲಿ ಹೆಚ್ಚಿದಾಗ ಇನ್ನೊಂದು ಪರಿಮಾಣವೂ ಸಮನಾದ ಹಂತಗಳಲ್ಲಿ ಬದಲಾದರೆ ಅವುಗಳ ನಕ್ಷೆ ಸರಳರೇಖೆಯಾಗಿರುತ್ತದೆ. ಇದನ್ನು ರೇಖಾತ್ಮಕ ಸಂಬಂಧ ಎನ್ನಲಾಗುತ್ತದೆ. ಆದರೆ ಸರಳರೇಖೆ ಕಂಡ ಕೂಡಲೇ "ಇವೆರಡೂ ನೇರ ಅನುಪಾತದಲ್ಲಿವೆ" ಎಂದು ಬರೆಯುವುದು ಬಹಳ ಸಾಮಾನ್ಯವಾದ ತಪ್ಪು. ನೇರ ಅನುಪಾತವೆಂದು ಹೇಳಬೇಕಾದರೆ ಆ ರೇಖೆಯು ಮೂಲಬಿಂದುವಿನ ಮೂಲಕ ಹಾದುಹೋಗಬೇಕು. ಒಂದು ಶೂನ್ಯವಾದಾಗ ಇನ್ನೊಂದೂ ಶೂನ್ಯವಾಗಬೇಕು, ಒಂದು ದುಪ್ಪಟ್ಟಾದಾಗ ಇನ್ನೊಂದೂ ದುಪ್ಪಟ್ಟಾಗಬೇಕು.

ಈ ವ್ಯತ್ಯಾಸಕ್ಕೆ ವಿದ್ಯುತ್ ಬಿಲ್ಲು ಉತ್ತಮ ನಿದರ್ಶನ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2025-26ನೇ ಸಾಲಿಗೆ ಗೃಹ ಬಳಕೆದಾರರಿಗೆ ಪ್ರತಿ ಯೂನಿಟ್‌ಗೆ ₹5.80 ಬಳಕೆ ಶುಲ್ಕವನ್ನೂ, ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ ₹145 ನಿಗದಿತ ಶುಲ್ಕವನ್ನೂ ಗೊತ್ತುಪಡಿಸಿತು. 3 ಕಿಲೋವ್ಯಾಟ್ ಮಂಜೂರಾತಿ ಇರುವ ಮನೆಯನ್ನು ತೆಗೆದುಕೊಳ್ಳೋಣ. ತೆರಿಗೆ, ಇತರ ಹೆಚ್ಚುವರಿ ಶುಲ್ಕಗಳು ಹಾಗೂ ಗೃಹಜ್ಯೋತಿ ಯೋಜನೆಯ ಪ್ರಯೋಜನವನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

0 ಯೂನಿಟ್: ₹435
100 ಯೂನಿಟ್: ₹1,015
200 ಯೂನಿಟ್: ₹1,595
300 ಯೂನಿಟ್: ₹2,175

ಪ್ರತಿ 100 ಯೂನಿಟ್‌ಗೆ ₹580ರಂತೆ ಮೊತ್ತ ಹೆಚ್ಚುತ್ತದೆ. ಆದ್ದರಿಂದ ನಕ್ಷೆ ಸರಳರೇಖೆಯೇ ಆಗಿದೆ. ಆದರೆ ಬಳಕೆ 100ರಿಂದ 200ಕ್ಕೆ ದುಪ್ಪಟ್ಟಾದರೂ ಮೊತ್ತ ದುಪ್ಪಟ್ಟಾಗಿಲ್ಲ. ಏಕೆಂದರೆ ರೇಖೆಯು ಮೂಲಬಿಂದುವಿನಿಂದ ಹೊರಡದೆ ಲಂಬ ಅಕ್ಷದ ಮೇಲೆ ₹435ರ ಸ್ಥಾನದಿಂದ ಹೊರಡುತ್ತದೆ. ಮನೆಗೆ ಬೀಗ ಹಾಕಿ ಊರಿಗೆ ಹೋದ ತಿಂಗಳಲ್ಲೂ ಬಿಲ್ಲು ಬರುವುದು ಇದೇ ಕಾರಣದಿಂದ. ಇದನ್ನು ಮೀಟರಿನ ದೋಷವೆಂದು ಭಾವಿಸಿ ದೂರು ನೀಡುವವರು ಮೊದಲು ನಿಗದಿತ ಶುಲ್ಕದ ಸಾಲನ್ನು ನೋಡಿಕೊಳ್ಳುವುದು ಒಳ್ಳೆಯದು.

ಶಾಲಾ ಪ್ರಯೋಗಾಲಯದ ಸ್ಪ್ರಿಂಗ್ ಪ್ರಯೋಗದಲ್ಲಿಯೂ ಇದೇ ವಿಷಯವಿದೆ. 12 ಸೆಂ.ಮೀ. ಉದ್ದದ ಸ್ಪ್ರಿಂಗ್‌ಗೆ 50 ಗ್ರಾಂ ತೂಕ ನೇತುಹಾಕಿದಾಗ ಅದು 1.5 ಸೆಂ.ಮೀ. ಹಿಗ್ಗುತ್ತದೆ ಎಂದಿಟ್ಟುಕೊಳ್ಳಿ. 100 ಗ್ರಾಂಗೆ ಒಟ್ಟು ಉದ್ದ 15 ಸೆಂ.ಮೀ., 200 ಗ್ರಾಂಗೆ 18 ಸೆಂ.ಮೀ. ಆಗುತ್ತದೆ. ತೂಕ ದುಪ್ಪಟ್ಟಾಯಿತು, ಉದ್ದ ದುಪ್ಪಟ್ಟಾಗಲಿಲ್ಲ. ಆದರೆ ಲಂಬ ಅಕ್ಷದ ಮೇಲೆ ಒಟ್ಟು ಉದ್ದದ ಬದಲು ಉದ್ದದಲ್ಲಾದ ಹೆಚ್ಚಳವನ್ನು ಗುರುತಿಸಿದರೆ ಬೆಲೆಗಳು 3 ಸೆಂ.ಮೀ. ಮತ್ತು 6 ಸೆಂ.ಮೀ. ಆಗುತ್ತವೆ. ರೇಖೆ ಮೂಲಬಿಂದುವಿನ ಮೂಲಕ ಹಾದುಹೋಗುತ್ತದೆ. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವು ಈ ಹೆಚ್ಚಳಕ್ಕೆ ಸಂಬಂಧಿಸಿದ್ದೇ ಹೊರತು ಸ್ಪ್ರಿಂಗ್‌ನ ಒಟ್ಟು ಉದ್ದಕ್ಕಲ್ಲ. ಅಭ್ಯರ್ಥಿಗಳು ಅಕ್ಷದ ಮೇಲೆ ಯಾವ ಪರಿಮಾಣ ಬರೆದಿದೆ ಎಂಬುದನ್ನು ಓದಿದ ನಂತರವೇ ಉತ್ತರ ಬರೆಯತಕ್ಕದ್ದು.

2. ಒಂದೇ ನಕ್ಷೆಯಲ್ಲಿ ಎರಡು ತುಂಡುಗಳು: ಆಟೋರಿಕ್ಷಾ ದರ

ಬೆಂಗಳೂರು ನಗರದಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಂತೆ ಆಟೋರಿಕ್ಷಾ ಕನಿಷ್ಠ ದರ ಮೊದಲ 2 ಕಿ.ಮೀ.ಗೆ ₹36, ನಂತರದ ಪ್ರತಿ ಕಿ.ಮೀ.ಗೆ ₹18. ಇದರ ನಕ್ಷೆ ಎಳೆದರೆ 2 ಕಿ.ಮೀ.ವರೆಗೆ ಅಡ್ಡ ಅಕ್ಷಕ್ಕೆ ಸಮಾಂತರವಾದ ರೇಖೆ, ಅಲ್ಲಿಂದ ಮುಂದೆ ಮೇಲೇರುವ ರೇಖೆ ದೊರೆಯುತ್ತದೆ. 1 ಕಿ.ಮೀ. ಹೋದವರೂ 2 ಕಿ.ಮೀ. ಹೋದವರೂ ₹36 ಕೊಡುತ್ತಾರೆ. 5 ಕಿ.ಮೀ.ಗೆ ₹90, 10 ಕಿ.ಮೀ.ಗೆ ₹180 ಆಗುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಮೇಲೇರುವ ರೇಖೆಯನ್ನು ಅಳತೆಪಟ್ಟಿಯಿಂದ ಹಿಂದಕ್ಕೆ ವಿಸ್ತರಿಸಿದರೆ ಅದು ಸರಿಯಾಗಿ ಮೂಲಬಿಂದುವಿಗೆ ಬಂದು ಸೇರುತ್ತದೆ. 2 ಕಿ.ಮೀ.ಗೆ ₹18ರಂತೆ ಲೆಕ್ಕ ಹಾಕಿದರೂ ₹36 ಬರುವುದರಿಂದ, 2 ಕಿ.ಮೀ. ದಾಟಿದ ಪ್ರಯಾಣಕ್ಕೆ ಕನಿಷ್ಠ ದರವು ಪ್ರತ್ಯೇಕ ಹೊರೆಯಾಗುವುದಿಲ್ಲ. ಕಿಲೋಮೀಟರನ್ನು 18ರಿಂದ ಗುಣಿಸಿದರೆ ಸಾಕು. ಪೀಣ್ಯ ಇಂಡಸ್ಟ್ರಿ ಮೆಟ್ರೋ ನಿಲ್ದಾಣದಲ್ಲಿ ಇಳಿದು ಕಾರ್ಖಾನೆಗೆ ಆಟೋ ಹಿಡಿಯುವವರು ಈ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಬಹುದು. 2021ರ ಡಿಸೆಂಬರ್‌ನಿಂದ ಜಾರಿಯಲ್ಲಿದ್ದ ಹಿಂದಿನ ದರದಲ್ಲೂ (₹30 ಮತ್ತು ₹15) ಇದೇ ಗುಣವಿತ್ತು. ರಾತ್ರಿ ವೇಳೆಯ ಒಂದೂವರೆ ಪಟ್ಟು ದರದಲ್ಲಿ 5 ಕಿ.ಮೀ.ಗೆ ₹135 ಆಗುತ್ತದೆ. ಮೇಲೇರುವ ರೇಖೆಯನ್ನು ಹಿಂದಕ್ಕೆ ವಿಸ್ತರಿಸಿದರೆ ಅದೂ ಮೂಲಬಿಂದುವನ್ನೇ ಮುಟ್ಟುತ್ತದೆ, ಆದರೆ ಹೆಚ್ಚು ಕಡಿದಾಗಿರುತ್ತದೆ.

ಮೆಟ್ರೋ ದರವು ಹೀಗಿಲ್ಲ. ದೂರದ ಹಂತಗಳಿಗೆ ತಕ್ಕಂತೆ ದರ ನಿಗದಿಯಾಗಿರುವುದರಿಂದ ಅದರ ನಕ್ಷೆ ಮೆಟ್ಟಿಲಿನಂತಿರುತ್ತದೆ. ಮೆಟ್ಟಿಲುಗಳ ತುದಿಗಳನ್ನು ಗೆರೆಯಿಂದ ಸೇರಿಸಿ ಅದನ್ನು ರೇಖಾತ್ಮಕ ಸಂಬಂಧವೆಂದು ಕರೆಯುವಂತಿಲ್ಲ.

3. ರೇಖೆ ಜಿಗಿದಾಗ

ವಿದ್ಯುತ್ ದರಕ್ಕೆ ಮತ್ತೊಮ್ಮೆ ಬರೋಣ. 2023-24ನೇ ಸಾಲಿನಲ್ಲಿ ಗೃಹ ಬಳಕೆಗೆ 100 ಯೂನಿಟ್‌ವರೆಗೆ ಪ್ರತಿ ಯೂನಿಟ್‌ಗೆ ₹4.75 ಇತ್ತು. ಬಳಕೆ 100 ದಾಟಿದರೆ ಎಲ್ಲ ಯೂನಿಟ್‌ಗಳಿಗೂ ₹7 ಅನ್ವಯವಾಗುತ್ತಿತ್ತು. 100 ಯೂನಿಟ್‌ಗೆ ಬಳಕೆ ಶುಲ್ಕ ₹475 ಆದರೆ, 101 ಯೂನಿಟ್‌ಗೆ ₹707. ಒಂದೇ ಯೂನಿಟ್‌ಗೆ ₹232 ಹೆಚ್ಚಳ. ನಕ್ಷೆಯಲ್ಲಿ ಎರಡು ಸರಳರೇಖೆಗಳಿದ್ದು, ಅವು 100ರ ಸ್ಥಾನದಲ್ಲಿ ಒಂದಕ್ಕೊಂದು ತಾಗುವುದಿಲ್ಲ. ವಿಶೇಷವೆಂದರೆ ಎರಡನ್ನೂ ಹಿಂದಕ್ಕೆ ಎಳೆದರೆ ಎರಡೂ ಮೂಲಬಿಂದುವಿಗೇ ಸೇರುತ್ತವೆ.

ಕೋಷ್ಟಕದಲ್ಲಿ 50, 100, 150, 200 ಎಂಬ ನಾಲ್ಕೇ ಬೆಲೆಗಳನ್ನು ಬರೆದು ಬಿಂದುಗಳನ್ನು ಸೇರಿಸಿದವರಿಗೆ ಈ ಜಿಗಿತ ಕಾಣುವುದೇ ಇಲ್ಲ. 100 ಮತ್ತು 150ರ ನಡುವೆ ತುಸು ಕಡಿದಾದ ಏರು ಮಾತ್ರ ಕಾಣುತ್ತದೆ. 2024ರ ಏಪ್ರಿಲ್‌ನಿಂದ ಎಲ್ಲ ಯೂನಿಟ್‌ಗಳಿಗೂ ಏಕರೂಪವಾಗಿ ₹5.90 ನಿಗದಿಯಾದ ನಂತರ ಈ ಜಿಗಿತ ಇಲ್ಲವಾಯಿತು. ಪ್ರಯೋಗಾಲಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಏನೋ ಬದಲಾಗುತ್ತಿದೆ ಎಂಬ ಅನುಮಾನವಿರುವ ಜಾಗದಲ್ಲಿ ಅಳತೆಗಳನ್ನು ಒತ್ತೊತ್ತಾಗಿ ತೆಗೆದುಕೊಳ್ಳಬೇಕು.

4. ಇಳಿಜಾರು ಎಂದರೇನು

ರೇಖೆಯ ಇಳಿಜಾರು ಎಂದರೆ ಲಂಬ ಅಕ್ಷದ ಬೆಲೆಯಲ್ಲಾದ ಬದಲಾವಣೆಯನ್ನು ಅಡ್ಡ ಅಕ್ಷದ ಬೆಲೆಯಲ್ಲಾದ ಬದಲಾವಣೆಯಿಂದ ಭಾಗಿಸಿದಾಗ ಬರುವ ಬೆಲೆ. ಇದಕ್ಕೆ ಏಕಮಾನವಿರುತ್ತದೆ. ವಿದ್ಯುತ್ ಬಿಲ್ಲಿನ ನಕ್ಷೆಯಲ್ಲಿ ಇಳಿಜಾರು "ಯೂನಿಟ್‌ಗೆ ₹5.80", ಆಟೋ ನಕ್ಷೆಯಲ್ಲಿ "ಕಿ.ಮೀ.ಗೆ ₹18". ಏಕಮಾನವಿಲ್ಲದೆ ಬರೆದ ಇಳಿಜಾರು ಅಪೂರ್ಣ ಉತ್ತರ.

ಕೆಲವರು ಕೋನಮಾಪಕವನ್ನಿಟ್ಟು ಇಳಿಜಾರನ್ನು ಅಳೆಯಲು ಹೋಗುತ್ತಾರೆ. ಇದು ತಪ್ಪು. ಅಕ್ಷದ ಪ್ರಮಾಣವನ್ನು ಬದಲಿಸಿದರೆ ಅದೇ ರೇಖೆ ಕಡಿದಾಗಿಯೂ ಮಟ್ಟಸವಾಗಿಯೂ ಕಾಣುತ್ತದೆ, ಆದರೆ ಲೆಕ್ಕ ಹಾಕಿದ ಇಳಿಜಾರು ಬದಲಾಗುವುದಿಲ್ಲ. ಪತ್ರಿಕೆ ಮತ್ತು ಜಾಹೀರಾತುಗಳ ನಕ್ಷೆಗಳನ್ನು ನೋಡುವಾಗಲೂ ಲಂಬ ಅಕ್ಷ ಶೂನ್ಯದಿಂದ ಆರಂಭವಾಗಿದೆಯೇ ಎಂದು ಮೊದಲು ಪರಿಶೀಲಿಸುವುದು ಸೂಕ್ತ. ಶೂನ್ಯದಿಂದ ಆರಂಭವಾಗದ ನಕ್ಷೆಯಲ್ಲಿ ಸಣ್ಣ ಏರಿಕೆಯೂ ಬೆಟ್ಟದಂತೆ ಕಾಣುತ್ತದೆ.

ಓಮ್ ನಿಯಮದ ನಕ್ಷೆಯಲ್ಲಿ ಗೊಂದಲ ಇನ್ನೊಂದು ಬಗೆಯದು. ನಿಕ್ರೋಮ್ ತಂತಿಯ ಪ್ರಯೋಗದಿಂದ ಈ ಬೆಲೆಗಳು ಬಂದಿವೆ ಎಂದಿಟ್ಟುಕೊಳ್ಳಿ.

1.5 ವೋಲ್ಟ್: 0.15 ಆಂಪೇರ್
3.0 ವೋಲ್ಟ್: 0.31 ಆಂಪೇರ್
4.5 ವೋಲ್ಟ್: 0.44 ಆಂಪೇರ್
6.0 ವೋಲ್ಟ್: 0.60 ಆಂಪೇರ್

ಈ ಬಿಂದುಗಳು ಕರಾರುವಾಕ್ಕಾಗಿ ಒಂದೇ ಗೆರೆಯ ಮೇಲೆ ಬೀಳುವುದಿಲ್ಲ. ಅಮ್ಮೀಟರಿನ ಮುಳ್ಳನ್ನು ಓದುವಾಗ ಆಗುವ ಸಣ್ಣ ವ್ಯತ್ಯಾಸ ಸಹಜ. ಬಿಂದುವಿನಿಂದ ಬಿಂದುವಿಗೆ ಮುರಿದು ಮುರಿದು ಗೆರೆ ಎಳೆಯದೆ, ಬಿಂದುಗಳು ಎರಡೂ ಬದಿಗೆ ಸರಿಸುಮಾರು ಸಮನಾಗಿ ಉಳಿಯುವಂತೆ ಒಂದೇ ಸರಳರೇಖೆಯನ್ನು ಅಳತೆಪಟ್ಟಿಯಿಂದ ಎಳೆಯಬೇಕು. ಯಾವುದಾದರೂ ಒಂದು ಬಿಂದು ಬಹಳ ದೂರ ಉಳಿದರೆ ಅದನ್ನು ಅಳಿಸಬಾರದು. ಆ ಅಳತೆಯನ್ನು ಮತ್ತೊಮ್ಮೆ ಮಾಡಿ ನೋಡಬೇಕು. ಉತ್ತರ ಸರಿಬರಲೆಂದು ಅಂಕಿಗಳನ್ನು ತಿದ್ದುವುದಕ್ಕಿಂತ ರೇಖೆಯಿಂದ ತುಸು ಆಚೀಚೆ ಇರುವ ಪ್ರಾಮಾಣಿಕ ಬಿಂದುಗಳೇ ಮೇಲು.

ಇಳಿಜಾರನ್ನು ಕಂಡುಹಿಡಿಯುವಾಗ ಕೋಷ್ಟಕದ ಬೆಲೆಗಳನ್ನು ಬಳಸದೆ, ಎಳೆದ ರೇಖೆಯ ಮೇಲೆಯೇ ದೂರದೂರವಿರುವ ಎರಡು ಬಿಂದುಗಳನ್ನು ಆರಿಸಿಕೊಳ್ಳಬೇಕು. ರೇಖೆಯು 0.10 ಆಂಪೇರ್‌ಗೆ 1.0 ವೋಲ್ಟ್, 0.50 ಆಂಪೇರ್‌ಗೆ 5.0 ವೋಲ್ಟ್ ತೋರಿಸುತ್ತಿದ್ದರೆ 4.0 ವೋಲ್ಟನ್ನು 0.40 ಆಂಪೇರ್‌ನಿಂದ ಭಾಗಿಸಿದಾಗ 10 ಓಮ್ ಬರುತ್ತದೆ. ಹತ್ತಿರದ ಎರಡು ಬಿಂದುಗಳನ್ನು ಆರಿಸಿಕೊಂಡರೆ ಓದಿನಲ್ಲಾಗುವ ಸಣ್ಣ ತಪ್ಪೂ ಉತ್ತರದಲ್ಲಿ ದೊಡ್ಡದಾಗುತ್ತದೆ.

ಪ್ರಯೋಗಕಾರನು ತಾನು ಬದಲಿಸುವ ಪರಿಮಾಣವನ್ನು ಅಡ್ಡ ಅಕ್ಷದ ಮೇಲೂ, ಅದರಿಂದಾಗಿ ಬದಲಾಗುವುದನ್ನು ಲಂಬ ಅಕ್ಷದ ಮೇಲೂ ಗುರುತಿಸುವುದು ವಾಡಿಕೆ. ಓಮ್ ನಿಯಮದಲ್ಲಿ ಮಾತ್ರ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಪ್ರವಾಹವನ್ನು ಅಡ್ಡ ಅಕ್ಷದಲ್ಲಿಟ್ಟು ವಿಭವಾಂತರವನ್ನು ಲಂಬ ಅಕ್ಷದಲ್ಲಿಡುತ್ತವೆ. ಆಗ ಇಳಿಜಾರು ನೇರವಾಗಿ ರೋಧವಾಗುತ್ತದೆ. ಅಕ್ಷಗಳನ್ನು ಅದಲುಬದಲು ಮಾಡಿದರೆ ಇಳಿಜಾರು ರೋಧದ ವ್ಯುತ್ಕ್ರಮವಾಗುತ್ತದೆ, ಹೆಚ್ಚು ಕಡಿದಾದ ರೇಖೆ ಕಡಿಮೆ ರೋಧವನ್ನು ಸೂಚಿಸುತ್ತದೆ. ಎರಡು ತಂತಿಗಳ ರೇಖೆಗಳನ್ನು ಕೊಟ್ಟು ಯಾವುದರ ರೋಧ ಹೆಚ್ಚು ಎಂದು ಕೇಳಿದಾಗ ಅಕ್ಷಗಳನ್ನು ನೋಡದೆ ಉತ್ತರಿಸಿದವರು ಅಂಕ ಕಳೆದುಕೊಳ್ಳುತ್ತಾರೆ. (ವಾಣಿಜ್ಯ ವಿಷಯ ಓದಿದವರಿಗೆ ಇದು ಹೊಸದಲ್ಲ. ಬೇಡಿಕೆ ರೇಖೆಯಲ್ಲಿ ಬೆಲೆಯನ್ನು ಲಂಬ ಅಕ್ಷದಲ್ಲಿಡುವ ಅರ್ಥಶಾಸ್ತ್ರದ ರೂಢಿಯೂ ಈ ವಾಡಿಕೆಗೆ ವಿರುದ್ಧವೇ.)

5. ಚಲನೆಯ ನಕ್ಷೆಗಳು

ಹೊಸೂರು ರಸ್ತೆಯ ಮೇಲ್ಸೇತುವೆಯು 2010ರಲ್ಲಿ ಸಂಚಾರಕ್ಕೆ ತೆರೆಯಿತು. ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಹೋಗುವ ಈ ಸೇತುವೆಯ ಉದ್ದ ಸುಮಾರು 10 ಕಿ.ಮೀ. ಗಂಟೆಗೆ 60 ಕಿ.ಮೀ. ಜವದಲ್ಲಿ ಎಲ್ಲಿಯೂ ನಿಲ್ಲದೆ ಹೋಗುವ ವಾಹನದ ದೂರ-ಕಾಲ ನಕ್ಷೆ ಮೂಲಬಿಂದುವಿನಿಂದ ಹೊರಟು 10ನೇ ನಿಮಿಷಕ್ಕೆ 10 ಕಿ.ಮೀ. ಮುಟ್ಟುವ ಒಂದೇ ಸರಳರೇಖೆ. ಇಳಿಜಾರು ನಿಮಿಷಕ್ಕೆ 1 ಕಿ.ಮೀ. ಅದೇ ಸಮಯದಲ್ಲಿ ಸೇತುವೆಯ ಕೆಳಗಿನ ರಸ್ತೆಯಲ್ಲಿ ಹೊರಟ ವಾಹನದ ನಕ್ಷೆ ಸ್ವಲ್ಪ ಏರಿ, ಸ್ವಲ್ಪ ಮಟ್ಟಸವಾಗಿ, ಮತ್ತೆ ಏರಿ ಸಾಗುತ್ತದೆ. ವಾಹನ ನಿಂತ ಸಮಯವೇ ಮಟ್ಟಸವಾದ ತುಂಡುಗಳು. ದೂರ-ಕಾಲ ನಕ್ಷೆಯು ಎಂದಿಗೂ ಕೆಳಗಿಳಿಯುವುದಿಲ್ಲ, ಏಕೆಂದರೆ ಕ್ರಮಿಸಿದ ದೂರ ಕಡಿಮೆಯಾಗುವುದಿಲ್ಲ.

ವೇಗ-ಕಾಲ ನಕ್ಷೆಯಲ್ಲಿ ಮಟ್ಟಸವಾದ ರೇಖೆಗೆ ಅರ್ಥವೇ ಬೇರೆ. ಅಲ್ಲಿ ಅದು ನಿಂತ ವಾಹನವನ್ನಲ್ಲ, ಒಂದೇ ವೇಗದಲ್ಲಿ ಓಡುತ್ತಿರುವ ವಾಹನವನ್ನು ಸೂಚಿಸುತ್ತದೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗದಂತಹ ಮೆಟ್ರೋ ಮಾರ್ಗದಲ್ಲಿ ಎರಡು ನಿಲ್ದಾಣಗಳ ನಡುವಿನ ಓಟವನ್ನು ಮಾದರಿಯಾಗಿ ತೆಗೆದುಕೊಳ್ಳೋಣ. ರೈಲು 20 ಸೆಕೆಂಡುಗಳಲ್ಲಿ ಸೆಕೆಂಡಿಗೆ 20 ಮೀಟರ್ ವೇಗ ಪಡೆದು, 30 ಸೆಕೆಂಡು ಅದೇ ವೇಗದಲ್ಲಿ ಓಡಿ, 20 ಸೆಕೆಂಡುಗಳಲ್ಲಿ ನಿಲ್ಲುತ್ತದೆ ಎಂದುಕೊಂಡರೆ ನಕ್ಷೆ ತ್ರಾಪಿಜ್ಯದ ಆಕಾರ ಪಡೆಯುತ್ತದೆ. ಮೊದಲ ತುಂಡಿನ ಇಳಿಜಾರು, ಅಂದರೆ ವೇಗೋತ್ಕರ್ಷ, 1 ಮೀ/ಸೆ². ಕೊನೆಯ ತುಂಡಿನದು ಋಣ 1 ಮೀ/ಸೆ². ರೇಖೆಯ ಕೆಳಗಿನ ವಿಸ್ತೀರ್ಣವೇ ಕ್ರಮಿಸಿದ ದೂರ: 200, 600 ಮತ್ತು 200 ಮೀಟರ್ ಸೇರಿ 1,000 ಮೀಟರ್. ದೂರ-ಕಾಲ ನಕ್ಷೆಯ ಕೆಳಗಿನ ವಿಸ್ತೀರ್ಣಕ್ಕೆ ಇಂತಹ ಉಪಯೋಗವಿಲ್ಲ.

6. ಎರಡು ರೇಖೆಗಳು ಸಂಧಿಸಿದಾಗ

ಗಣಿತದಲ್ಲಿ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ನಕ್ಷಾ ವಿಧಾನದಿಂದ ಬಿಡಿಸುವುದು ಕೇವಲ ಪರೀಕ್ಷೆಯ ವಿಷಯವಲ್ಲ. ಒಂದು ಸಣ್ಣ ಬಿಡಿಭಾಗ ತಯಾರಿಕಾ ಘಟಕದ ಬಾಡಿಗೆ, ಸಂಬಳ ಮುಂತಾದ ಸ್ಥಿರ ವೆಚ್ಚ ತಿಂಗಳಿಗೆ ₹60,000, ಪ್ರತಿ ಬಿಡಿಭಾಗದ ಚರ ವೆಚ್ಚ ₹25 ಮತ್ತು ಮಾರಾಟ ಬೆಲೆ ₹40 ಎಂದಿಟ್ಟುಕೊಳ್ಳಿ. ವೆಚ್ಚದ ರೇಖೆ ₹60,000ದಿಂದಲೂ ಆದಾಯದ ರೇಖೆ ಮೂಲಬಿಂದುವಿನಿಂದಲೂ ಹೊರಡುತ್ತವೆ. ಆದಾಯದ ರೇಖೆ ಹೆಚ್ಚು ಕಡಿದಾಗಿರುವುದರಿಂದ 4,000 ಬಿಡಿಭಾಗಗಳಲ್ಲಿ, ₹1,60,000 ಎತ್ತರದಲ್ಲಿ ಅವು ಸಂಧಿಸುತ್ತವೆ. ಅದಕ್ಕಿಂತ ಕಡಿಮೆ ತಯಾರಿಸಿದ ತಿಂಗಳು ನಷ್ಟ. ಮಾರಾಟ ಬೆಲೆಯೂ ₹25 ಆಗಿದ್ದರೆ ರೇಖೆಗಳು ಸಮಾಂತರವಾಗುತ್ತವೆ. ಎಷ್ಟೇ ತಯಾರಿಸಿದರೂ ಘಟಕವು ನಷ್ಟದಿಂದ ಹೊರಬರುವುದಿಲ್ಲ. ಪಠ್ಯದಲ್ಲಿ "ಪರಿಹಾರವಿಲ್ಲ" ಎಂದು ಬರೆಯುವುದು ಇದನ್ನೇ.

7. ರೇಖೆಯನ್ನು ಎಲ್ಲಿಯವರೆಗೆ ನಂಬಬಹುದು

ಅಳತೆ ಮಾಡಿದ ವ್ಯಾಪ್ತಿಯೊಳಗೆ ರೇಖೆಯಿಂದ ಬೆಲೆ ಓದುವುದು ಸಾಮಾನ್ಯವಾಗಿ ಸುರಕ್ಷಿತ. ವ್ಯಾಪ್ತಿಯ ಹೊರಗೆ ರೇಖೆಯನ್ನು ಮುಂದುವರಿಸುವಾಗ ಎಚ್ಚರ ಅಗತ್ಯ.

ಉಕ್ಕಿನ ಸರಳನ್ನು ಪರೀಕ್ಷಾ ಯಂತ್ರದಲ್ಲಿ ಎಳೆದಾಗ ಭಾರ ಮತ್ತು ಉದ್ದದ ಹೆಚ್ಚಳದ ನಕ್ಷೆ ಮೊದಲು ಸರಳರೇಖೆಯಾಗಿರುತ್ತದೆ. ಈ ಹಂತದಲ್ಲಿ ಭಾರ ತೆಗೆದರೆ ಸರಳು ಮೊದಲಿನ ಉದ್ದಕ್ಕೆ ಮರಳುತ್ತದೆ. ಸ್ಥಿತಿಸ್ಥಾಪಕ ಮಿತಿ ದಾಟಿದ ನಂತರ ರೇಖೆ ಬಾಗುತ್ತದೆ. ಅಲ್ಪ ಭಾರ ಹೆಚ್ಚಿಸಿದರೂ ಸರಳು ಬಹಳಷ್ಟು ಹಿಗ್ಗುತ್ತದೆ, ಭಾರ ತೆಗೆದರೂ ಪೂರ್ತಿಯಾಗಿ ಮರಳುವುದಿಲ್ಲ. ಭಾರ ಎತ್ತುವ ಹಗ್ಗ, ಕೊಕ್ಕೆ ಮತ್ತು ಸರಪಳಿಗಳಿಗೆ ಸುರಕ್ಷಿತ ಕಾರ್ಯಭಾರವನ್ನು ನಮೂದಿಸುವುದು ಈ ಕಾರಣದಿಂದಲೇ. "1 ಟನ್ನಿಗೆ ಇಷ್ಟೇ ಹಿಗ್ಗಿತು, 3 ಟನ್ನಿಗೆ ಅದರ ಮೂರು ಪಟ್ಟು ಹಿಗ್ಗೀತು" ಎಂಬ ಲೆಕ್ಕ ನಕ್ಷೆಯ ಮೇಲೆ ಸರಿಯಾಗಿ ಕಾಣಬಹುದು. ಕಾರ್ಖಾನೆಯ ನೆಲದ ಮೇಲೆ ಅದು ಜೀವಕ್ಕೆ ಅಪಾಯ. ಹಳೆಯ ಮಾದರಿಯ ತಂತುವುಳ್ಳ ವಿದ್ಯುತ್ ಬಲ್ಬಿನಲ್ಲೂ ಹೀಗೆಯೇ. ತಂತು ಕಾದಂತೆ ಅದರ ರೋಧ ಹೆಚ್ಚುವುದರಿಂದ ಅದರ ವಿಭವಾಂತರ-ಪ್ರವಾಹ ನಕ್ಷೆ ಸರಳರೇಖೆಯಾಗಿ ಉಳಿಯುವುದಿಲ್ಲ.

ಇದಕ್ಕೆ ಪ್ರತಿಯಾಗಿ, ವಿಸ್ತರಿಸಿದ ರೇಖೆಯೇ ದೊಡ್ಡ ಸಂಗತಿಯನ್ನು ತೋರಿಸಿದ ಉದಾಹರಣೆಯೂ ಉಂಟು. ಒತ್ತಡ ಸ್ಥಿರವಾಗಿರುವಾಗ ಅನಿಲದ ಗಾತ್ರ ಮತ್ತು ಸೆಲ್ಸಿಯಸ್ ತಾಪದ ನಕ್ಷೆ ಸರಳರೇಖೆ. ಅದು ಮೂಲಬಿಂದುವಿನ ಮೂಲಕ ಹಾದುಹೋಗುವುದಿಲ್ಲ. ಅದನ್ನು ಹಿಂದಕ್ಕೆ ವಿಸ್ತರಿಸಿದರೆ ಋಣ 273.15 ಡಿಗ್ರಿಯಲ್ಲಿ ಅಡ್ಡ ಅಕ್ಷವನ್ನು ಮುಟ್ಟುತ್ತದೆ. ನಿಜವಾದ ಅನಿಲ ಅಲ್ಲಿಗೆ ತಲುಪುವ ಮೊದಲೇ ದ್ರವವಾಗುತ್ತದೆಯಾದರೂ, ಆ ಬಿಂದುವನ್ನೇ ಶೂನ್ಯವಾಗಿ ಇಟ್ಟುಕೊಂಡ ಕೆಲ್ವಿನ್ ಮಾಪಕದಲ್ಲಿ ಅದೇ ರೇಖೆ ನೇರ ಅನುಪಾತದ ರೇಖೆಯಾಗುತ್ತದೆ. ಸ್ಪ್ರಿಂಗ್‌ನ ಉದ್ದದ ಬದಲು ಹೆಚ್ಚಳವನ್ನು ಗುರುತಿಸಿದಾಗ ಆದದ್ದೂ ಇದೇ.

8. ನಕ್ಷಾ ಹಾಳೆಯಲ್ಲಿ ಗಮನಿಸಬೇಕಾದವು

ಎರಡೂ ಅಕ್ಷಗಳ ಮೇಲೆ ಪರಿಮಾಣದ ಹೆಸರು ಮತ್ತು ಏಕಮಾನವನ್ನು ಬರೆಯತಕ್ಕದ್ದು. ಪ್ರಮಾಣವನ್ನು ಹಾಳೆಯ ಮೂಲೆಯಲ್ಲಿ ನಮೂದಿಸತಕ್ಕದ್ದು. 1 ಸೆಂ.ಮೀ.ಗೆ 1, 2, 5 ಅಥವಾ 10ರಂತೆ ಪ್ರಮಾಣ ಇಟ್ಟುಕೊಂಡರೆ ನಡುವಿನ ಬೆಲೆಗಳನ್ನು ಓದುವುದು ಸುಲಭ. 3 ಅಥವಾ 7ರಂತೆ ಇಟ್ಟುಕೊಂಡವರು ಸಮಯವನ್ನೂ ಅಂಕವನ್ನೂ ಕಳೆದುಕೊಳ್ಳುತ್ತಾರೆ. ಬಿಂದುಗಳನ್ನು ಚೂಪಾದ ಪೆನ್ಸಿಲ್‌ನಿಂದ ಗುರುತಿಸಬೇಕು. ರೇಖೆ ಮೂಲಬಿಂದುವಿನ ಹತ್ತಿರ ಹಾದುಹೋದ ಮಾತ್ರಕ್ಕೆ ಅದನ್ನು ಬಲವಂತವಾಗಿ ಮೂಲಬಿಂದುವಿಗೆ ಸೇರಿಸಬಾರದು. ಉಪಕರಣದ ಮುಳ್ಳು ಆರಂಭದಲ್ಲಿಯೇ ಶೂನ್ಯದಿಂದ ಸರಿದಿದ್ದರೆ ಎಲ್ಲ ಓದುಗಳೂ ಒಂದೇ ಪ್ರಮಾಣದಲ್ಲಿ ಹೆಚ್ಚು ಅಥವಾ ಕಡಿಮೆಯಾಗಿ, ರೇಖೆ ಇಡಿಯಾಗಿ ಸರಿಯುತ್ತದೆ. ಆಗಲೂ ಇಳಿಜಾರು ಸರಿಯಾಗಿಯೇ ಬರುತ್ತದೆ, ತಪ್ಪುವುದು ಆರಂಭದ ಸ್ಥಾನ ಮಾತ್ರ.